ಕೋಚ್ ಅಂದವರು, ರಸೀದಿಯಲ್ಲಿ ಸೆಲ್ಲರ್

2023ರ ಜನವರಿಯಲ್ಲಿ ಸಿಯಾಟಲ್ ಸುತ್ತಮುತ್ತ ಸಾವಿರಾರು ಜನರ ಕೆಲಸ ಹೋಯಿತು. ಅವರಲ್ಲಿ ನಾನೂ ಒಬ್ಬಳು. ಹನ್ನೊಂದು ವರ್ಷ ಒಂದೇ ಕಂಪನಿಯಲ್ಲಿದ್ದೆ. ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಲಾಗಿನ್ ಆಗಲಿಲ್ಲ, ಅಷ್ಟೇ. ಎರಡು ದಿನ ಸುಮ್ನೆ ಕೂತಿದ್ದು, ಮೂರನೇ ದಿನ ಲಿಂಕ್ಡ್‌ಇನ್ ಫೋಟೋಗೆ ‘ಕೆಲಸ ಹುಡುಕುತ್ತಿದ್ದೇನೆ’ ಅನ್ನೋ ಹಸಿರು ಬಳೆ ತೊಡಿಸಿದೆ.

ಆ ಬಳೆ ನೋಡಿ ಮೊದಲು ಬಂದವರು ರಿಕ್ರೂಟರ್‌ಗಳಲ್ಲ. ‘ಫ್ರಾಂಚೈಸ್ ಕೋಚ್’ ಅಂತ ಹೆಸರಿನ ಕೆಳಗೆ ಬರೆದುಕೊಂಡಿದ್ದ ಒಬ್ಬ ವ್ಯಕ್ತಿ. ಬೇರೆ ರಾಜ್ಯದವರು. ಫ್ರಾಂಚೈಸ್ ಅಂದರೆ ಒಂದು ಕಂಪನಿಗೆ ದುಡ್ಡು ಕೊಟ್ಟು, ಅದರ ಬ್ರ್ಯಾಂಡಿನ ಹೆಸರಲ್ಲಿ ನಾವೇ ಅಂಗಡಿ ನಡೆಸೋದು. ಮೆಸೇಜ್ ಚೆನ್ನಾಗಿತ್ತು. ಇಷ್ಟು ವರ್ಷ ಬೇರೆಯವರಿಗೆ ದುಡಿದಿದ್ದೀರಿ, ನಿಮ್ಮದೇ ಅಂತ ಒಂದು ಬಿಸಿನೆಸ್ ಇರಬೇಕು ಅಂತ ಯಾವತ್ತೂ ಅನಿಸಿಲ್ವಾ? ನನ್ನ ಸೇವೆಗೆ ನೀವು ಒಂದು ಸೆಂಟ್ ಕೂಡ ಕೊಡಬೇಕಾಗಿಲ್ಲ.

ನನಗೆ ಆ ಕೊನೆಯ ಸಾಲಿನಲ್ಲೇ ಎಚ್ಚರ ಆಗಬೇಕಿತ್ತು. ಆಗಲಿಲ್ಲ. ಕೆಲಸ ಹೋದವರಿಗೆ ಯಾರಾದರೂ ಕೂತು ಕೇಳಿಸಿಕೊಂಡರೆ ಸಾಕು ಅನಿಸುತ್ತೆ.

ಮೊದಲ ಕಾಲ್ ಒಂದೂವರೆ ಗಂಟೆ. ನನ್ನ ಬಾಲ್ಯ, ಕನಸು, ಮಕ್ಕಳ ವಯಸ್ಸು ಎಲ್ಲ ಕೇಳಿದರು. ಆಮೇಲೆ ಒಂದು ಪ್ರಶ್ನಾವಳಿ ಬಂತು: ನೀವು ಯಾವ ಥರದ ನಾಯಕಿ, ರಿಸ್ಕ್ ತೆಗೆದುಕೊಳ್ಳೋದು ಎಷ್ಟು ಇಷ್ಟ, ಹೀಗೆ. ಅದರ ಮಧ್ಯದಲ್ಲಿ ಎರಡು ಪ್ರಶ್ನೆಗಳು ಮಾತ್ರ ಬೇರೆ ಜಾತಿಯವು. ಕೈಯಲ್ಲಿ ನಗದು ಎಷ್ಟಿದೆ? ನಿವೃತ್ತಿ ಖಾತೆಯಲ್ಲಿ ಎಷ್ಟಿದೆ? ನಾನು ಎರಡಕ್ಕೂ ನಿಜವನ್ನೇ ಬರೆದೆ. ಈಗ ನೆನೆಸಿಕೊಂಡರೆ, ಉಳಿದ ನಲವತ್ತು ಪ್ರಶ್ನೆಗಳು ಈ ಎರಡಕ್ಕೆ ಹೊದಿಸಿದ ಶಾಲು.

ವಾರದಲ್ಲಿ ಮೂರು ಬ್ರ್ಯಾಂಡ್ ತಂದರು. ವಯಸ್ಸಾದವರನ್ನು ಮನೆಯಲ್ಲೇ ನೋಡಿಕೊಳ್ಳೋದು ಒಂದು, ಮನೆಗಳಿಗೆ ಪೇಂಟ್ ಹೊಡೆಸೋದು ಇನ್ನೊಂದು, ಮಕ್ಕಳಿಗೆ ಗಣಿತ ಮತ್ತು ಕೋಡಿಂಗ್ ಕಲಿಸೋದು ಮೂರನೆಯದು. ನಾನು ಯಾವುದನ್ನು ಹಿಡೀತೀನಿ ಅಂತ ಅವರಿಗೆ ಮೊದಲೇ ಗೊತ್ತಿತ್ತು ಅನಿಸುತ್ತೆ. ಭಾರತದಿಂದ ಬಂದ ತಾಯಿ, ಟೆಕ್ ಕೆಲಸ, ಗಣಿತದ ಕ್ಲಾಸ್. ಬೇರೆ ಹೇಳಬೇಕಾ?

ಈ ಲೋಕದ ಭಾಷೆಯೇ ವಿಚಿತ್ರ. ಯಾರೂ ‘ಮಾರಾಟ’ ಅನ್ನಲ್ಲ. ನಾನು ಗಿರಾಕಿ ಅಲ್ಲ, ‘ಕ್ಯಾಂಡಿಡೇಟ್’. ಕಂಪನಿಯ ಆಫೀಸಿಗೆ ಹೋಗಿ ಬರೋದು ‘ಡಿಸ್ಕವರಿ ಡೇ’. ಈಗಾಗಲೇ ಫ್ರಾಂಚೈಸ್ ತೆಗೆದುಕೊಂಡವರಿಗೆ ಫೋನ್ ಮಾಡಿ ವಿಚಾರಿಸೋದು ‘ವ್ಯಾಲಿಡೇಷನ್’. ಕೊನೆಯಲ್ಲಿ ನನಗೆ ಫ್ರಾಂಚೈಸ್ ಮಾರುವುದಿಲ್ಲ, ‘ಅವಾರ್ಡ್’ ಮಾಡುತ್ತಾರೆ. ಐವತ್ತು ಸಾವಿರ ಡಾಲರ್ ಕೊಟ್ಟು ಪ್ರಶಸ್ತಿ ಪಡೆಯೋದು! ನನ್ನ ಗಂಡ ಮೊದಲ ದಿನದಿಂದಲೇ ಅವರಿಗೆ ‘ಕೋಚ್ ಸಾಹೇಬ್ರು’ ಅಂತ ಹೆಸರಿಟ್ಟಿದ್ದ. "ಏನಂತೆ ಕೋಚ್ ಸಾಹೇಬ್ರು? ಇವತ್ತು ನಿನ್ನ ಓಡಿಸಿದ್ರಾ, ಈಜಿಸಿದ್ರಾ?" ಅಂತ ಕೇಳೋನು. ನನಗೆ ಸಿಟ್ಟು ಬರ್ತಿತ್ತು.

ದುಡ್ಡಿನ ದಾರಿಯನ್ನೂ ಕೋಚ್ ಸಾಹೇಬರೇ ತೋರಿಸಿದರು. ಅದರ ಹೆಸರು ರಾಬ್ಸ್, ‘ರೋಲ್‌ಓವರ್ಸ್ ಆಸ್ ಬಿಸಿನೆಸ್ ಸ್ಟಾರ್ಟಪ್ಸ್’ ಅನ್ನೋದರ ಚಿಕ್ಕ ರೂಪ. ನೀವು ಒಂದು ಸಿ-ಕಾರ್ಪೊರೇಷನ್, ಅಂದರೆ ಮಾಲೀಕರಿಂದ ಬೇರೆಯಾಗಿ ತಾನೇ ತೆರಿಗೆ ಕಟ್ಟುವ ಕಂಪನಿ, ಹುಟ್ಟುಹಾಕಬೇಕು. ಅದರಲ್ಲಿ ಒಂದು 401(ಕೆ), ಅಂದರೆ ನೌಕರರ ನಿವೃತ್ತಿ ಉಳಿತಾಯದ ಯೋಜನೆ ತೆರೆಯಬೇಕು. ಹಳೆಯ ಕಂಪನಿಯ ನಿವೃತ್ತಿ ಹಣವನ್ನು ಅದಕ್ಕೆ ವರ್ಗಾಯಿಸಬೇಕು. ಆ ಯೋಜನೆ ನಿಮ್ಮದೇ ಕಂಪನಿಯ ಷೇರು ಕೊಳ್ಳುತ್ತೆ. ಹಣ ಬಿಸಿನೆಸ್ಸಿಗೆ ಬಂತು, ಅವಧಿಗೆ ಮುಂಚೆ ತೆಗೆದರೆ ಬೀಳೋ ತೆರಿಗೆ ಮತ್ತು 10% ದಂಡ ಎರಡೂ ಇಲ್ಲ. ಸರಿಯಾಗಿ ಮಾಡಿದರೆ ಕಾನೂನಿನ ಒಳಗೇ ಇದೆ, ಆದರೆ ತೆರಿಗೆ ಇಲಾಖೆ ಇದರ ಮೇಲೆ ಒಂದು ಕಣ್ಣಿಟ್ಟೇ ಇರುತ್ತೆ. ಮತ್ತೆ ಅಂಗಡಿ ಮುಳುಗಿದರೆ ಮುಪ್ಪಿನ ಕಾಲದ ಗಂಟೂ ಅದರ ಜೊತೆಗೇ ಮುಳುಗುತ್ತೆ. "ರಾಬ್ಸ್ ಅಂತ ಹೆಸರಲ್ಲೇ ಹೇಳಿದಾರಲ್ಲ, ಇನ್ನೇನು ಬೇಕು" ಅಂದ ಗಂಡ.

ಇಷ್ಟರ ಮಧ್ಯೆ ಒಂದು ಸಂಜೆ ಫೋನಿನಲ್ಲಿ ನಾನು ನೇರವಾಗಿ ಕೇಳಿದೆ. ಇದರಲ್ಲಿ ಎಷ್ಟು ಸಿಗುತ್ತೆ?

"ಒಳ್ಳೆಯ ಸೆಂಟರ್‌ಗಳು ಎರಡನೇ ವರ್ಷಕ್ಕೇ ಒಂದೂವರೆ ಲಕ್ಷ ಡಾಲರ್ ಮನೆಗೆ ತಗೊಂಡು ಹೋಗ್ತಿದಾರೆ. ನಿಮ್ಮಂಥವರು ಇನ್ನೂ ಬೇಗ ಮುಟ್ತೀರಿ."

ನಾನು ಗೋಡೆಗೆ ಅಂಟಿಸೋ ಹಳದಿ ಚೀಟಿ ಮೇಲೆ ಬರೆದುಕೊಂಡೆ: 150, ಎರಡನೇ ವರ್ಷ. ಗಂಡ ಅದನ್ನು ನೋಡಿ, "ಇದನ್ನ ಒಂದು ಇಮೇಲಲ್ಲಿ ಕಳಿಸೋಕೆ ಹೇಳು" ಅಂದ. ಕೇಳಿದೆ. ಇಮೇಲ್ ಬಂತು. ಅದರಲ್ಲಿ ಉತ್ಸಾಹ ಇತ್ತು, ಆಶ್ಚರ್ಯಸೂಚಕ ಚಿಹ್ನೆಗಳು ಐದಾರಿದ್ದವು, ನನ್ನ ಮಕ್ಕಳ ಹೆಸರೂ ಇತ್ತು. 150 ಮಾತ್ರ ಇರಲಿಲ್ಲ. ಇನ್ನೊಂದು ಸಲ ಕೇಳಿದೆ. "ಆ ವಿವರ ಎಲ್ಲ ಎಫ್‌ಡಿಡಿಯಲ್ಲಿ ಬರುತ್ತೆ" ಅಂತ ಉತ್ತರ.

ಎಫ್‌ಡಿಡಿ ಅಂದರೆ ಫ್ರಾಂಚೈಸ್ ಡಿಸ್‌ಕ್ಲೋಷರ್ ಡಾಕ್ಯುಮೆಂಟ್. ಅಮೆರಿಕದಲ್ಲಿ ಫ್ರಾಂಚೈಸ್ ಕೊಡುವವರು ಸಾಮಾನ್ಯವಾಗಿ ಸಹಿ ಹಾಕಿಸಿಕೊಳ್ಳೋದಕ್ಕೆ ಅಥವಾ ಹಣ ತೆಗೆದುಕೊಳ್ಳೋದಕ್ಕೆ ಕನಿಷ್ಠ 14 ದಿನ ಮೊದಲು ಇದನ್ನು ಕೈಗೆ ಕೊಡಬೇಕು. ಇದು ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿಯ ನಿಯಮ. ಒಟ್ಟು 23 ಬಾಬತ್ತುಗಳು, ಇಲ್ಲಿನವರ ಬಾಯಲ್ಲಿ ‘ಐಟಂ’. ನನಗೆ ಬಂದ ಪಿಡಿಎಫ್ 268 ಪುಟ ಇತ್ತು. ಸಂಜೆ ಏಳಕ್ಕೆ ಬಂತು, ಏಳೂಕಾಲಿಗೆ ಕೋಚ್ ಸಾಹೇಬರ ಫೋನ್. "ಕೊನೆಯ ಪುಟದಲ್ಲಿ ರಸೀದಿ ಇದೆ, ಅದಕ್ಕೊಂದು ಇ-ಸಹಿ ಹಾಕಿಬಿಡಿ. ಅದರಿಂದ ನಿಮಗೇನೂ ಬಂಧನ ಇಲ್ಲ. 14 ದಿನದ ಗಡಿಯಾರ ಓಡೋಕೆ ಶುರುವಾಗುತ್ತೆ ಅಷ್ಟೇ. ನಿಮ್ಮ ಏರಿಯಾವನ್ನ ಇನ್ನೊಬ್ಬರೂ ನೋಡ್ತಿದಾರೆ."

ಹೇಳಿದ್ದು ಸುಳ್ಳಲ್ಲ. ರಸೀದಿಗೆ ಸಹಿ ಹಾಕಿದರೆ ದಾಖಲೆ ಕೈಗೆ ಬಂತು ಅಂತ ಒಪ್ಪಿದ ಹಾಗೆ, ಅಷ್ಟೇ. ನಾನು ಸೀದಾ ಕೊನೆಯ ಪುಟಕ್ಕೆ ಹೋದೆ.

ಅದೊಂದು ಸಪ್ಪೆ ಪುಟ. ಒಂದೇ ಬರಹದ ಎರಡು ಪ್ರತಿ, ಒಂದು ನಮಗೆ, ಒಂದು ವಾಪಸ್ ಕಳಿಸೋಕೆ. 14 ದಿನದ ಮಾತು, ದೂರು ಕೊಡೋದಾದರೆ ಯಾರಿಗೆ ಅನ್ನೋ ಮಾತು. ಅದರ ಕೆಳಗೆ ಒಂದು ಚೌಕ. ಅದರ ತಲೆಬರಹ: ಈ ಫ್ರಾಂಚೈಸನ್ನು ಮಾರುತ್ತಿರುವ ‘ಫ್ರಾಂಚೈಸ್ ಸೆಲ್ಲರ್’ಗಳ ಹೆಸರು, ವಿಳಾಸ, ಫೋನ್ ನಂಬರ್. ಮೊದಲ ಹೆಸರು ಕಂಪನಿಯ ಮಾರಾಟ ವಿಭಾಗದ ಮುಖ್ಯಸ್ಥರದು. ಎರಡನೆಯದು ನನ್ನ ಕೋಚ್ ಸಾಹೇಬರದು.

ಆರು ವಾರದಿಂದ ನನ್ನ ಕನಸು, ನನ್ನ ಭಯ, ಬ್ಯಾಂಕ್ ಬ್ಯಾಲೆನ್ಸ್ ಎಲ್ಲ ಕೇಳಿಸಿಕೊಂಡ ಮನುಷ್ಯ. ನಾನು ಅವರನ್ನು ನನ್ನ ಕಡೆಯವರು ಅಂದುಕೊಂಡಿದ್ದೆ. ಕಾಗದದಲ್ಲಿ ಅವರು ಮೇಜಿನ ಆ ಕಡೆ ಕೂತಿದ್ದರು.

ಆ ರಾತ್ರಿ ಸಹಿ ಹಾಕಲಿಲ್ಲ. ಮಾರನೇ ದಿನ ಫ್ರಾಂಚೈಸ್ ಕೇಸುಗಳನ್ನೇ ನೋಡುವ ಒಬ್ಬ ವಕೀಲೆಯನ್ನು ಹುಡುಕಿದೆ. ಎಫ್‌ಡಿಡಿ ಓದಿ ಸಲಹೆ ಕೊಡೋಕೆ ಎರಡೂವರೆ ಸಾವಿರ ಡಾಲರ್ ಅಂದರು. ಕೆಲಸ ಇಲ್ಲದಾಗ ಅಷ್ಟು ಕೊಡೋಕೆ ಕೈ ನಡುಗಿತು. ಕೊಟ್ಟೆ.

ಅರವತ್ತು ದಾಟಿದ ಹೆಂಗಸು. ಮೊದಲು ಕೇಳಿದ್ದೇ, "ಬ್ರೋಕರ್ ಮೂಲಕ ಬಂದ್ರಾ?" ಅಂತ.

"ಬ್ರೋಕರ್ ಅಲ್ಲ. ಕೋಚ್ ಅಂತ..."

ಅವರು ನಕ್ಕರು. "ಕೋಚ್, ಕನ್ಸಲ್ಟೆಂಟ್, ಅಡ್ವೈಸರ್, ಮ್ಯಾಚ್‌ಮೇಕರ್. ನಾನು ಎಲ್ಲ ಕೇಳಿದೀನಿ. ಕಾನೂನು ವಿಸಿಟಿಂಗ್ ಕಾರ್ಡ್ ಓದಲ್ಲ. ಏನು ಮಾಡ್ತಾರೆ ಅಂತ ನೋಡುತ್ತೆ."

ಆಮೇಲೆ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಎಫ್‌ಟಿಸಿಯ ಫ್ರಾಂಚೈಸ್ ನಿಯಮ ಮೊದಲು ಬಂದಿದ್ದು 1978ರಲ್ಲಿ, ಜಾರಿಯಾಗಿದ್ದು 1979ರಲ್ಲಿ. ಆಗ ಅದರಲ್ಲಿ ‘ಫ್ರಾಂಚೈಸ್ ಬ್ರೋಕರ್’ ಅನ್ನೋ ಪದಕ್ಕೇ ಪ್ರತ್ಯೇಕ ವ್ಯಾಖ್ಯೆ ಇತ್ತು. ಕಂಪನಿಯೂ ಅಲ್ಲದ, ಫ್ರಾಂಚೈಸ್ ತೆಗೆದುಕೊಂಡವರೂ ಅಲ್ಲದ, ಆದರೆ ಫ್ರಾಂಚೈಸ್ ಮಾರುವ ಅಥವಾ ಮಾರಾಟ ಕುದುರಿಸುವ ಮೂರನೆಯವರು. 2007ರಲ್ಲಿ ನಿಯಮವನ್ನು ತಿದ್ದಿ ಬರೆದರು, 2008ರ ಜುಲೈ 1ರಿಂದ ಎಲ್ಲರಿಗೂ ಕಡ್ಡಾಯವಾಯಿತು. ಆಗ ‘ಬ್ರೋಕರ್’ ಅನ್ನೋದನ್ನು ‘ಫ್ರಾಂಚೈಸ್ ಸೆಲ್ಲರ್’ ಅನ್ನೋ ದೊಡ್ಡ ಕೊಡೆಯ ಕೆಳಗೆ ಸೇರಿಸಿಬಿಟ್ಟರು. ಫ್ರಾಂಚೈಸನ್ನು ಮಾರಾಟಕ್ಕೆ ಮುಂದಿಡುವವರು, ಮಾರುವವರು, ಮಾರಾಟ ಕೂಡಿಸಿಕೊಡುವವರು, ಎಲ್ಲರೂ ಸೆಲ್ಲರ್‌ಗಳೇ. ಕಂಪನಿ, ಅದರ ನೌಕರರು, ಏಜೆಂಟರು, ಹೊರಗಿನ ಬ್ರೋಕರ್‌ಗಳು ಎಲ್ಲ ಸೇರಿದರು. ಹೊರಗುಳಿದವರು ಒಂದೇ ಗುಂಪು: ಈಗಾಗಲೇ ಫ್ರಾಂಚೈಸ್ ತೆಗೆದುಕೊಂಡು, ತಮ್ಮದೇ ಅಂಗಡಿಯನ್ನು ಮಾತ್ರ ಇನ್ನೊಬ್ಬರಿಗೆ ದಾಟಿಸುವವರು.

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ, ಸಿಕ್ಕಿಬಿದ್ದರು" ಅಂದೆ.

"ಅರ್ಧ ಸಿಕ್ಕಿಬಿದ್ದರು. ಸೆಲ್ಲರ್ ಆದ ಮೇಲೆ ಸೆಲ್ಲರ್‌ಗೆ ಹೇಳಿದ ನಿರ್ಬಂಧ ಎಲ್ಲ ಅವರಿಗೂ ಅನ್ವಯ. ಆದರೆ ಅವರ ಬಗ್ಗೆ ನಿಮಗೆ ಏನು ಗೊತ್ತಾಗುತ್ತೆ? ಹೆಸರು, ವಿಳಾಸ, ಫೋನ್ ನಂಬರ್. ಅದೂ ಕೊನೆಯ ಪುಟದಲ್ಲಿ."

ಮೊದಲು ರಾಜ್ಯಗಳು ಇಂಥ ದಾಖಲೆಗೆ ಬಳಸುತ್ತಿದ್ದ ನಮೂನೆಯ ಎರಡನೇ ಐಟಂನಲ್ಲಿ ಕಂಪನಿಯ ನಿರ್ದೇಶಕರ ಜೊತೆ ಬ್ರೋಕರ್‌ಗಳನ್ನೂ ಪಟ್ಟಿ ಮಾಡಬೇಕಿತ್ತಂತೆ. 2007ರ ತಿದ್ದುಪಡಿಯಲ್ಲಿ ಅದು ಹೋಯಿತು. ಬ್ರೋಕರ್‌ಗೆ ಎಷ್ಟು ಕಮಿಷನ್ ಹೋಗುತ್ತೆ ಅಂತ ಕೊಳ್ಳುವವರಿಗೆ ತಿಳಿಸಬೇಕು ಅಂತಲೂ ಫೆಡರಲ್ ನಿಯಮದಲ್ಲಿಲ್ಲ. ನನ್ನ ಎಫ್‌ಡಿಡಿಯ ಐದನೇ ಐಟಂನಲ್ಲಿ ಆರಂಭದ ಶುಲ್ಕ 49,500 ಡಾಲರ್ ಅಂತಿತ್ತು. ಇಂಥ ಶುಲ್ಕದಲ್ಲಿ ನಲವತ್ತು ಐವತ್ತು ಪರ್ಸೆಂಟ್ ಬ್ರೋಕರ್‌ಗೆ ಹೋಗೋದು ಈ ಧಂದೆಯಲ್ಲಿ ಮಾಮೂಲು ಅಂದರು ವಕೀಲೆ. ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ‘ಒಂದು ಸೆಂಟ್ ಕೂಡ ಕೊಡಬೇಕಾಗಿಲ್ಲ’ ಅಂದಿದ್ದು ಇದನ್ನೇ. ನನ್ನ ಚೆಕ್ಕಿನಿಂದ ಹೋಗಲ್ಲ, ನನ್ನ ಚೆಕ್ಕು ತಲುಪಿದ ಜೇಬಿನಿಂದ ಹೋಗುತ್ತೆ.

ನಮ್ಮ ಕಡೆ ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡೋದನ್ನು ಚಿಕ್ಕವಳಿದ್ದಾಗ ನೋಡಿದ್ದೆ. ಸುತ್ತ ನಿಂತವರಿಗೆ ರೇಟು ಕಾಣಲ್ಲ. ಆದರೆ ಆ ಟವೆಲ್ ಹೊದ್ದವನು ದಲ್ಲಾಳಿ ಅನ್ನೋದು ಇಡೀ ಜಾತ್ರೆಗೆ ಗೊತ್ತಿರುತ್ತೆ. ಇಲ್ಲಿ ಟವೆಲ್ಲೂ ಕಾಣಲಿಲ್ಲ ನೋಡಿ.

ನಾನು ಹಳದಿ ಚೀಟಿಯ ವಿಷಯ ಹೇಳಿದೆ. 150, ಎರಡನೇ ವರ್ಷ. ವಕೀಲೆ ಮೊದಲ ಸಲ ಪೆನ್ ತೆಗೆದು ಬರೆದುಕೊಂಡರು. ಗಳಿಕೆಯ ಬಗ್ಗೆ ಯಾವ ಅಂಕಿ ಹೇಳುವುದಾದರೂ ಅದು ಎಫ್‌ಡಿಡಿಯ 19ನೇ ಐಟಂನಲ್ಲಿ ಇರಬೇಕು, ಅದಕ್ಕೆ ಆಧಾರವೂ ಇರಬೇಕು. ಅಲ್ಲಿ ಇಲ್ಲದ್ದನ್ನು ಯಾವ ಸೆಲ್ಲರೂ ಬಾಯಲ್ಲಿ ಕೂಡ ಹೇಳಬಾರದು. ನನ್ನ ಎಫ್‌ಡಿಡಿಯ 19ನೇ ಐಟಂ ಏನನ್ನುತ್ತೆ ಅಂತ ಇಬ್ಬರೂ ತೆರೆದು ನೋಡಿದೆವು. ಅರ್ಧ ಪುಟ. ನಾವು ಗಳಿಕೆಯ ಬಗ್ಗೆ ಯಾವ ಅಂಕಿಯನ್ನೂ ಕೊಡುವುದಿಲ್ಲ, ಕೊಡಲು ನಮ್ಮ ನೌಕರರಿಗಾಗಲಿ ಪ್ರತಿನಿಧಿಗಳಿಗಾಗಲಿ ಅಧಿಕಾರ ಕೊಟ್ಟಿಲ್ಲ, ಯಾರಾದರೂ ಹೇಳಿದರೆ ನಮಗೆ ತಿಳಿಸಿ.

ಇಮೇಲಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಮಾತ್ರ ಯಾಕೆ ಬಂತು ಅಂತ ಆಗ ತಿಳಿಯಿತು.

"ಇದನ್ನ ಹಿಡ್ಕೊಂಡು ಕೋರ್ಟಿಗೆ ಹೋಗಬಹುದಾ?" ಅಂತ ಕೇಳಿದೆ. ಫೆಡರಲ್ ನಿಯಮ ಹಿಡಿದು ಆಗಲ್ಲ ಅಂದರು. ಅದನ್ನು ಮುರಿದರೆ ಎಫ್‌ಟಿಸಿ ಕ್ರಮ ತೆಗೆದುಕೊಳ್ಳಬಹುದು, ನನ್ನಂಥವಳು ಅದೇ ನಿಯಮದಡಿ ದಾವೆ ಹೂಡೋಕೆ ಅವಕಾಶ ಇಲ್ಲ. ಹಲ್ಲಿರೋದು ರಾಜ್ಯದ ಕಾನೂನುಗಳಿಗೆ. ಆದರೆ ಎಲ್ಲ ರಾಜ್ಯಕ್ಕೂ ಫ್ರಾಂಚೈಸ್ ಕಾನೂನು ಇಲ್ಲ. ಕ್ಯಾಲಿಫೋರ್ನಿಯಾ 1970ರಲ್ಲಿ ಮೊದಲು ಮಾಡಿತು. ನಾವಿರುವ ವಾಷಿಂಗ್ಟನ್ ರಾಜ್ಯ ಮರುವರ್ಷವೇ, 1971ರಲ್ಲಿ ತನ್ನ ಕಾನೂನು ತಂದಿತು. "ಅದೃಷ್ಟಕ್ಕೆ ನೀವು ಸರಿಯಾದ ರಾಜ್ಯದಲ್ಲಿ ಕೆಲಸ ಕಳ್ಕೊಂಡಿದೀರಿ" ಅಂದರು.

ಯಾಕೆಂದರೆ ವಾಷಿಂಗ್ಟನ್ ಕಾನೂನಿನಲ್ಲಿ ‘ಬ್ರೋಕರ್’ ಅನ್ನೋ ಪದ ಇವತ್ತಿಗೂ ಬದುಕಿದೆ. ‘ಫ್ರಾಂಚೈಸ್ ಬ್ರೋಕರ್ ಅಥವಾ ಸೆಲ್ಲಿಂಗ್ ಏಜೆಂಟ್’. ವ್ಯಾಖ್ಯೆ ಒಂದೇ ಸಾಲು: ನೇರವಾಗಿ ಅಥವಾ ಪರೋಕ್ಷವಾಗಿ ಫ್ರಾಂಚೈಸ್ ಮಾರಾಟದಲ್ಲಿ ತೊಡಗಿರುವ ವ್ಯಕ್ತಿ. ಇಡೀ ಕಾನೂನಿನಲ್ಲಿ ನನಗೆ ಇಷ್ಟವಾದ ಪದ ಆ ‘ಪರೋಕ್ಷವಾಗಿ’. ನಾನು ಮಾರಲ್ಲ, ಸುಮ್ನೆ ಪರಿಚಯ ಮಾಡಿಸ್ತೀನಿ ಅನ್ನೋರು ಜಾರಿಕೊಳ್ಳೋ ಕಿಂಡಿಗೆ ಅದು ಅಡ್ಡ ಹಾಕಿದ ಕೋಲು. ಹೀಗೆ ತೊಡಗಿದವರು ರಾಜ್ಯದ ಹಣಕಾಸು ಸಂಸ್ಥೆಗಳ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ನ್ಯೂಯಾರ್ಕ್‌ನಲ್ಲೂ ನೋಂದಣಿ ಇದೆ, ಅಲ್ಲಿ ಅವರ ಹೆಸರು ‘ಫ್ರಾಂಚೈಸ್ ಸೇಲ್ಸ್ ಏಜೆಂಟ್’. ಒಬ್ಬ ಮನುಷ್ಯ ಒಂದೇ ಕೆಲಸ ಮಾಡ್ತಾ ರಾಜ್ಯದ ಗಡಿ ದಾಟಿದ ಹಾಗೆ ಬ್ರೋಕರ್, ಏಜೆಂಟ್, ಸೆಲ್ಲರ್ ಆಗ್ತಾ ಹೋಗ್ತಾನೆ. ಹೆಚ್ಚಿನ ರಾಜ್ಯಗಳಲ್ಲಿ ನೋಂದಣಿಯನ್ನೇ ಮಾಡಿಸಬೇಕಾಗಿಲ್ಲ.

"ನಿಮ್ಮ ಕೋಚ್ ನೋಂದಣಿ ಆಗಿದಾರಾ ನೋಡಿ" ಅಂತ ಹೇಳಿ ವಕೀಲೆ ಮಾತು ಮುಗಿಸಿದರು.

ನೋಡಿದೆ. ಇಲಾಖೆಯ ಪಟ್ಟಿಯಲ್ಲಿ ಅವರ ಹೆಸರು ಸಿಗಲಿಲ್ಲ. ಕಾಗುಣಿತ ಬದಲಿಸಿ ನೋಡಿದೆ. ಅವರ ಸಂಸ್ಥೆಯ ಹೆಸರು ಹಾಕಿ ನೋಡಿದೆ. ಇಲ್ಲ. ಇಲಾಖೆಗೆ ಫೋನ್ ಮಾಡಿದೆ. ಫೋನ್ ಎತ್ತಿದವರು ತಾಳ್ಮೆಯಿಂದ ಎರಡು ಸಲ ಹುಡುಕಿ, ಈ ಹೆಸರಲ್ಲಿ ಸದ್ಯಕ್ಕೆ ನೋಂದಣಿ ಕಾಣ್ತಿಲ್ಲ ಅಂದರು. ಬೇಕಾದ ಅರ್ಜಿ ಹೇಗಿರುತ್ತೆ ಅಂತಲೂ ಕುತೂಹಲಕ್ಕೆ ನೋಡಿದೆ. ಹೆಸರು, ವಿಳಾಸ, ಹಿಂದಿನ ಉದ್ಯೋಗ, ಕೋರ್ಟು ಕೇಸಿನ ಹಿನ್ನೆಲೆ. ಪರೀಕ್ಷೆ ಅನ್ನೋ ಮಾತೇ ಇರಲಿಲ್ಲ. ಇದೇ ರಾಜ್ಯದಲ್ಲಿ ಮನೆ ಮಾರಿಸಿಕೊಡುವ ಏಜೆಂಟ್ ಆಗಬೇಕಾದರೆ 90 ಗಂಟೆ ಪಾಠ ಕೇಳಿ ಪರೀಕ್ಷೆ ಪಾಸಾಗಬೇಕು. ಕೂದಲು ಕತ್ತರಿಸೋಕೂ ಲೈಸೆನ್ಸ್ ಬೇಕು. ಒಬ್ಬರ ಜೀವಮಾನದ ಉಳಿತಾಯವನ್ನು ಯಾವುದೋ ಬ್ರ್ಯಾಂಡಿಗೆ ದಾಟಿಸೋಕೆ ಒಂದು ಫಾರಂ ಸಾಕು. ಆ ಫಾರಂ ಕೂಡ ಇವರು ತುಂಬಿರಲಿಲ್ಲ ಅಂತ ಕಾಣುತ್ತೆ.

ಆ ವಾರವೇ ನಾನು ಇನ್ನೊಂದು ಕೆಲಸ ಮಾಡಿದೆ. 20ನೇ ಐಟಂನಲ್ಲಿ ಕೋಷ್ಟಕಗಳಿರುತ್ತವೆ: ವರ್ಷದ ಶುರುವಿಗೆ ಎಷ್ಟು ಸೆಂಟರ್, ಕೊನೆಗೆ ಎಷ್ಟು, ಎಷ್ಟು ಮುಚ್ಚಿದವು. ಎಲ್ಲದಕ್ಕಿಂತ ಮುಖ್ಯವಾದ ಅಂಕಣ ಐದನೇ ಕೋಷ್ಟಕದಲ್ಲಿದೆ. ಒಪ್ಪಂದಕ್ಕೆ ಸಹಿ ಆಗಿದೆ, ಆದರೆ ಅಂಗಡಿ ತೆರೆದಿಲ್ಲ. ನನ್ನ ಬ್ರ್ಯಾಂಡಿಗೆ ತೆರೆದ ಸೆಂಟರ್ 38. ಸಹಿಯಾಗಿ ತೆರೆಯದವು 74. ಅಂದರೆ ಕಟ್ಟೋದಕ್ಕಿಂತ ಮಾರೋದು ಜೋರಾಗಿ ನಡೆದಿತ್ತು. ಆ ವರ್ಷ ಬಿಟ್ಟುಹೋದವರ ಹೆಸರು, ಊರು, ಫೋನ್ ನಂಬರನ್ನೂ ಕಾನೂನು ಪ್ರಕಾರ ಕೊಡಬೇಕು. ಆರು ಜನ ಇದ್ದರು. ಕೋಚ್ ಸಾಹೇಬರು ನನಗೆ ವ್ಯಾಲಿಡೇಷನ್‌ಗೆ ಅಂತ ಕೊಟ್ಟಿದ್ದ ಪಟ್ಟಿಯಲ್ಲಿ ಈ ಆರರಲ್ಲಿ ಒಬ್ಬರೂ ಇರಲಿಲ್ಲ.

ಆರೂ ಜನಕ್ಕೆ ಫೋನ್ ಮಾಡಿದೆ. ಮೂವರು ಎತ್ತಲಿಲ್ಲ. ಒಬ್ಬರು, ನಾನು ಮಾತಾಡೋ ಹಾಗಿಲ್ಲ, ಕಾಗದಕ್ಕೆ ಸಹಿ ಹಾಕಿದೀನಿ ಅಂತ ಇಟ್ಟರು. ಇನ್ನೊಬ್ಬರದು ಕುಟುಂಬದ ಕಾರಣ, ಬ್ರ್ಯಾಂಡಿನ ಮೇಲೆ ದೂರಿರಲಿಲ್ಲ. ಆರನೆಯವರು ಮಾತ್ರ ಮಾತಾಡಿದರು. ಅವರು ಆಗ ಒಂದು ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತಿದ್ದರು, ಮಗಳ ಈಜು ಕ್ಲಾಸ್ ಮುಗಿಯೋದನ್ನು ಕಾಯುತ್ತಾ. ಮುಕ್ಕಾಲು ಗಂಟೆ ಹೇಳಿದರು. ಬಾಡಿಗೆ ಕರಾರಿಗೆ ವೈಯಕ್ತಿಕ ಗ್ಯಾರಂಟಿ ಕೊಟ್ಟಿದ್ದರಿಂದ ಸೆಂಟರ್ ಮುಚ್ಚಿದ ಮೇಲೂ ತಿಂಗಳು ತಿಂಗಳು ಕಟ್ಟುತ್ತಿದ್ದಾರೆ. ಅವರಿಗೂ ಒಬ್ಬ ಬ್ರೋಕರ್ ಇದ್ದರಂತೆ. "ಸಹಿ ಹಾಕೋವರೆಗೂ ದಿನಾ ಫೋನ್. ಹಾಕಿದ ಮೇಲೆ ಒಂದು ಹಣ್ಣಿನ ಬುಟ್ಟಿ ಬಂತು. ಆಮೇಲೆ ಏನಿಲ್ಲ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬುಟ್ಟಿ ಚೆನ್ನಾಗಿತ್ತು" ಅಂದರು.

ಕೋಚ್ ಸಾಹೇಬರ ಜೊತೆ ಕೊನೆಯ ಕಾಲ್ ಎಫ್‌ಡಿಡಿ ಬಂದ ಹನ್ನೊಂದನೇ ದಿನ. ನಾನು ಜಗಳಕ್ಕೆ ಅಂತ ಹೋಗಲಿಲ್ಲ. ಗಂಡ ಪಕ್ಕದಲ್ಲಿ ಕಾಫಿ ಹಿಡಿದು ಕೂತಿದ್ದ.

"ನೀವು ವಾಷಿಂಗ್ಟನ್‌ನಲ್ಲಿ ಫ್ರಾಂಚೈಸ್ ಬ್ರೋಕರ್ ಅಂತ ನೋಂದಣಿ ಮಾಡಿಸಿದೀರಾ?" ಅಂತ ಕೇಳಿದೆ.

"ನಾನು ಬ್ರೋಕರ್ ಅಲ್ಲವಲ್ಲ. ನಾನು ಬರೀ ರೆಫರಲ್ ಕೊಡೋದು. ಮಾರೋದು ಕಂಪನಿ."

"ಹಾಗಾದ್ರೆ ರಸೀದಿಯಲ್ಲಿ ಸೆಲ್ಲರ್ ಅಂತ ನಿಮ್ಮ ಹೆಸರು ಯಾಕಿದೆ?"

ಒಂದು ಕ್ಷಣ ಆ ಕಡೆ ಶಬ್ದವೇ ಇಲ್ಲ. "ಅದು ಫಾರ್ಮಾಲಿಟಿ. ಕಂಪನಿಯವರು ಹಾಗೆ ಹಾಕ್ತಾರೆ."

"ನಿಮಗೆ ಕಮಿಷನ್ ಎಷ್ಟು ಬರುತ್ತೆ ಅಂತ ಹೇಳ್ತೀರಾ?"

"ಅದು ನಿಮ್ಮ ಶುಲ್ಕಕ್ಕೆ ಸೇರಲ್ಲ. ನೀವು ನೇರವಾಗಿ ಹೋದ್ರೂ ಅಷ್ಟೇ ಕೊಡಬೇಕು."

ಇದೂ ಸುಳ್ಳಲ್ಲ. ನೇರವಾಗಿ ಹೋಗಿದ್ದರೂ ಸಾಮಾನ್ಯವಾಗಿ ಅದೇ 49,500. ಆದರೆ ನಾನು ಕೇಳಿದ ಪ್ರಶ್ನೆ ಅದಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋದನ್ನು ಇಷ್ಟು ಚೆನ್ನಾಗಿ ಕಲಿತವರನ್ನು ನಾನು ಬೇರೆ ನೋಡಿಲ್ಲ. ನನ್ನ ನೋಂದಣಿ ವಿಷಯ ನಮ್ಮ ನೆಟ್‌ವರ್ಕ್ ನೋಡಿಕೊಳ್ಳುತ್ತೆ, ವಿಚಾರಿಸಿ ತಿಳಿಸ್ತೀನಿ ಅಂದರು. ತಿಳಿಸಲಿಲ್ಲ. ಮಾರನೇ ದಿನ ಕಂಪನಿಯ ಮಾರಾಟದ ಮುಖ್ಯಸ್ಥರೇ ಫೋನ್ ಮಾಡಿದರು. ಬ್ರೋಕರ್ ಹೊರಗಿನವರು, ಅವರು ಹೇಳಿದ ಅಂಕಿಗೆ ನಾವು ಹೊಣೆ ಅಲ್ಲ, ಇನ್ನು ನಮ್ಮ ಜೊತೆ ನೇರವಾಗಿ ಮಾತಾಡಿ ಅಂತ. ಬ್ರೋಕರ್ ಪ್ರಕಾರ ಮಾರೋದು ಕಂಪನಿ. ಕಂಪನಿ ಪ್ರಕಾರ ಹೇಳಿದ್ದು ಬ್ರೋಕರ್. ಹಣ ಮಾತ್ರ ನನ್ನದು!

ನಾನು ತೆಗೆದುಕೊಳ್ಳಲಿಲ್ಲ. ಧೈರ್ಯದಿಂದ ಬಿಟ್ಟೆ ಅಂತ ಹೇಳಿಕೊಳ್ಳೋಕೆ ಇಷ್ಟ, ಆದರೆ ಎರಡು ವಾರ ನಿದ್ದೆ ಬರಲಿಲ್ಲ. ಏನೋ ಒಳ್ಳೆಯದನ್ನು ಕೈಯಾರೆ ಬಿಟ್ಟೆನಾ ಅನ್ನೋ ಹುಳ ಕೊರೀತಾನೇ ಇತ್ತು.

ಇಲಾಖೆಗೆ ದೂರು ಬರೆದೆ. ಇದು ನಾನು ಅಂದುಕೊಂಡಿದ್ದಕ್ಕಿಂತ ಸುಲಭ. ಯಾವ ದಿನ ಏನು ಮಾತಾಯಿತು, ಯಾವ ಇಮೇಲ್, ರಸೀದಿಯ ಪುಟ, ಹಳದಿ ಚೀಟಿಯ ಫೋಟೋ. ಚೀಟಿ ಕಳಿಸುವಾಗ ನಾಚಿಕೆ ಆಯಿತು, ಇದೂ ಒಂದು ಸಾಕ್ಷಿಯಾ ಅಂತ. ಇಲಾಖೆಯವರು ಅದರ ಮೇಲಿನ ದಿನಾಂಕ ಯಾವಾಗ ಬರೆದಿದ್ದು ಅಂತ ಪ್ರತ್ಯೇಕವಾಗಿ ಕೇಳಿದರು. ಆಮೇಲೆ ಅದು ಅವರ ಕಡತ. ನನಗೆ ಹಣ ನಷ್ಟ ಆಗಿರಲಿಲ್ಲ, ಹಾಗಾಗಿ ಕೇಸು ಅಂತ ಏನೂ ಇರಲಿಲ್ಲ. ಆಗಿದ್ದರೆ ವಾಷಿಂಗ್ಟನ್ ಕಾನೂನಿನಡಿ ನಾನೇ ದಾವೆ ಹೂಡಬಹುದಿತ್ತು ಅಂತ ವಕೀಲೆ ಹೇಳಿದ್ದರು.

ಬ್ರೋಕರ್‌ಗಳೆಲ್ಲ ಹೀಗೇ ಅಂತ ನಾನು ಹೇಳಲ್ಲ. ನನ್ನ ಗೆಳತಿಯೊಬ್ಬಳು ಮನೆ ಕ್ಲೀನಿಂಗ್ ಫ್ರಾಂಚೈಸ್ ನಡೆಸ್ತಾಳೆ, ಬ್ರೋಕರ್ ಮೂಲಕವೇ ತೆಗೆದುಕೊಂಡಿದ್ದು. ಮೊದಲ ಕಾಲಿನಲ್ಲೇ ಆಯಮ್ಮ ಹೇಳಿದರಂತೆ: ನನಗೆ ದುಡ್ಡು ಕೊಡೋದು ಬ್ರ್ಯಾಂಡ್, ನನ್ನ ಹತ್ತಿರ ಇರೋ ಬ್ರ್ಯಾಂಡ್‌ಗಳು ಇಷ್ಟೇ, ಇದರ ಹೊರಗೂ ನೂರಾರು ಇವೆ, ವಕೀಲರನ್ನ ನೀವೇ ಹುಡುಕಿಕೊಳ್ಳಿ. ಅಷ್ಟು ಹೇಳಿದರೆ ಸಾಕು. ಮದುವೆ ದಲ್ಲಾಳಿ ಗಂಡಿನ ಕಡೆಯವರ ಹತ್ತಿರ ದುಡ್ಡು ತಗೊಂಡಿದ್ದರೆ ಅದನ್ನು ಹೆಣ್ಣಿನ ಅಪ್ಪನಿಗೆ ಹೇಳಲಿ. ಮದುವೆ ಮಾಡಿಸಬೇಡ ಅಂತ ಯಾರು ಹೇಳಿದರು?

ನಾನು ಆ ಮೇಲೂ ಈ ವಿಷಯ ಕಂಡರೆ ಓದ್ತಾ ಇದ್ದೆ. 2024ರಲ್ಲಿ ಕ್ಯಾಲಿಫೋರ್ನಿಯಾ ಹೊಸ ಕಾನೂನು ಪಾಸ್ ಮಾಡಿತು, ಎಸ್‌ಬಿ 919 ಅಂತ. ಅದರಲ್ಲಿ ಇವರಿಗೆ ಇನ್ನೊಂದು ಹೆಸರು: ‘ಥರ್ಡ್ ಪಾರ್ಟಿ ಫ್ರಾಂಚೈಸ್ ಸೆಲ್ಲರ್’. ಪ್ರತಿ ವರ್ಷ ನೋಂದಣಿ ಆಗಬೇಕು, ತಾನು ಯಾರು, ತನಗೆ ದುಡ್ಡು ಹೇಗೆ ಬರುತ್ತೆ ಅನ್ನೋ ವಿವರವನ್ನು ಕೊಳ್ಳುವವರಿಗೆ ಬರಹದಲ್ಲಿ ಕೊಡಬೇಕು. ಬೇರೆ ರಾಜ್ಯಗಳೂ ಬಳಸಿಕೊಳ್ಳಲಿ ಅಂತ ರಾಜ್ಯಗಳ ಸೆಕ್ಯುರಿಟೀಸ್ (ಷೇರು, ಬಾಂಡ್‌ನಂಥ ಹೂಡಿಕೆ) ನಿಯಂತ್ರಕರ ಸಂಘ ಬ್ರೋಕರ್ ನೋಂದಣಿಗೆ ಒಂದು ಮಾದರಿ ಕಾನೂನಿನ ಕರಡನ್ನೂ ಮಾಡಿದೆ. ಆ ಸಂಘದ ಚಿಕ್ಕ ಹೆಸರು ನಾಸಾ. ರಾಕೆಟ್ ಬಿಡುವ ನಾಸಾ ಅಲ್ಲ. ಗಂಡನಿಗೆ ಇದನ್ನು ಬಿಡಿಸಿ ಹೇಳೋಕೆ ಐದು ನಿಮಿಷ ಬೇಕಾಯಿತು.

ನನಗೆ ಕೆಲಸ ಹೋದ ವರ್ಷದ ಸೆಪ್ಟೆಂಬರ್‌ನಲ್ಲೇ ಬೇರೆ ಕೆಲಸ ಸಿಕ್ಕಿತ್ತು. ಸಂಬಳ ಮೊದಲಿಗಿಂತ ಸ್ವಲ್ಪ ಕಡಿಮೆ.

ಕಳೆದ ವರ್ಷ ಹಳೆಯ ಟೀಮಿನ ಹುಡುಗನೊಬ್ಬನ ಕೆಲಸ ಹೋಯಿತು. ಮೂರನೇ ವಾರಕ್ಕೆ ನನಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದ. "ಅಕ್ಕಾ, ಇವರು ಗೊತ್ತಾ ನಿಮಗೆ? ತುಂಬಾ ಒಳ್ಳೆಯವರ ಥರ ಕಾಣ್ತಾರೆ, ಫೀಸೂ ಇಲ್ವಂತೆ." ಅದೇ ಹೆಸರು, ಅದೇ ನಗು. ಕೆಳಗೆ ‘ಕೋಚ್’ ಹೋಗಿ ‘ಕರಿಯರ್ ಓನರ್‌ಶಿಪ್ ಅಡ್ವೈಸರ್’ ಅಂತ ಆಗಿತ್ತು. ನಾನು ನನ್ನ ಎಫ್‌ಡಿಡಿ ತೆರೆದು, ಕೊನೆಯ ಪುಟದ ಆ ಚೌಕವನ್ನಷ್ಟೇ ಕತ್ತರಿಸಿ ಅವನಿಗೆ ಕಳಿಸಿದೆ.

ಹತ್ತು ನಿಮಿಷ ಬಿಟ್ಟು ಅವನ ಉತ್ತರ ಬಂತು. "ಅಕ್ಕಾ, ಇದರಲ್ಲಿ ಸೆಲ್ಲರ್ ಅಂತಿದೆಯಲ್ಲ?"

"ಹೂಂ" ಅಂತ ಬರೆದು, ವಕೀಲೆಯ ಫೋನ್ ನಂಬರ್ ಕಳಿಸಿದೆ.